ಕಣ್ಣಿಗೆ ಕಂಡ ಮಚ್ಚೆ, ಕೈಗೆ ತಿಳಿದ ರೋಗ

ಬೆಂಗಳೂರಿನ ಮಾಗಡಿ ರಸ್ತೆ ವಿಜಯನಗರ, ಬಸವೇಶ್ವರನಗರಗಳ ಅಂಚನ್ನು ಸವರಿಕೊಂಡು, ಕಾಮಾಕ್ಷಿಪಾಳ್ಯವನ್ನು ದಾಟಿ, ಹೊರವರ್ತುಲ ರಸ್ತೆಯನ್ನು ಸಂಧಿಸುವ ಜಾಗಕ್ಕೆ ಸುಮನಹಳ್ಳಿ ಎಂದು ಹೆಸರು. ಮೇಲ್ಸೇತುವೆ ಮತ್ತು ವಾಹನ ದಟ್ಟಣೆಯಿಂದ ಈಗ ಎಲ್ಲರಿಗೂ ಪರಿಚಿತವಾದ ಈ ಹೆಸರು 1970ರ ದಶಕದ ಕೊನೆಯಲ್ಲಿ ಇಲ್ಲಿ ನೆಲೆಗೊಂಡ ಕುಷ್ಠರೋಗಿಗಳ ಆರೈಕೆ ಮತ್ತು ಪುನರ್ವಸತಿ ಸಂಸ್ಥೆಯದು. ಸರ್ಕಾರಿ ಕುಷ್ಠರೋಗ ಆಸ್ಪತ್ರೆ ಇರುವುದೂ ಇದೇ ರಸ್ತೆಯಲ್ಲಿಯೇ. ಊರು ತನಗೆ ಬೇಡದವರನ್ನು ಅಂಚಿನಲ್ಲಿಡುತ್ತದೆ. ಊರು ಬೆಳೆದು ಅಂಚೇ ನಡುವಾದಾಗ ಹೆಸರು ಉಳಿದು, ಅದರ ಕಾರಣ ಮರೆತುಹೋಗುತ್ತದೆ.

ಒಬ್ಬ ಮನುಷ್ಯ ಹೀಗೆ ಅಂಚಿಗೆ ಸರಿಯಲು ಮೈಮೇಲಿನ ಒಂದು ಮಚ್ಚೆ ಸಾಕಾಗಿತ್ತು. ಆ ಮಚ್ಚೆಯನ್ನು ಓದುವುದರಲ್ಲೇ ಸಮಾಜ ಬಹುಕಾಲ ಎಡವಿತು. ಕನ್ನಡದ 'ತೊನ್ನು' ಎಂಬ ಮಾತನ್ನೇ ನೋಡಬಹುದು. ಇಂದು ಅದು ಹಾಲಿನಂತೆ ಬೆಳ್ಳಗಾಗುವ ಚರ್ಮಕ್ಕೆ ಸಲ್ಲುತ್ತದೆಯಾದರೂ ಜನರ ಬಾಯಲ್ಲಿ ಕುಷ್ಠಕ್ಕೂ ಸಂದಿದೆ. 'ಬಿಳಿ ಕುಷ್ಠ' ಎಂಬ ಮಾತು ಇನ್ನೂ ಸತ್ತಿಲ್ಲ. ವಾಸ್ತವದಲ್ಲಿ ಇವೆರಡಕ್ಕೂ ನಂಟೇ ಇಲ್ಲ. ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕಣಗಳು ನಾಶವಾಗುತ್ತವೆ. ಅದು ಅಂಟುವುದಿಲ್ಲ, ಅಲ್ಲಿ ಸ್ಪರ್ಶವೂ ಹೋಗುವುದಿಲ್ಲ. ಕುಷ್ಠದ ಮಚ್ಚೆ ಪೂರ್ತಿ ಬೆಳ್ಳಗಾಗುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ತುಸು ಮಸುಕಾಗಿ ಅಥವಾ ತಾಮ್ರವರ್ಣದಲ್ಲಿ ಇರುತ್ತದೆ. ಎದ್ದು ಕಾಣುವ ಬಿಳುಪಿಗೆ ಜನ ಹೆದರಿದರು. ನಿಜವಾಗಿ ಗಮನಿಸಬೇಕಾಗಿದ್ದ ಮಸುಕು ಅನೇಕ ಸಲ ಗಮನಕ್ಕೇ ಬರಲಿಲ್ಲ.

ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಈ ರೋಗದ ಸೂಕ್ಷ್ಮಾಣುವನ್ನು ಕಂಡ. ಆದರೆ ಹಳ್ಳಿಯ ಜಗಲಿಯ ಮೇಲೆ ರೋಗ ಪತ್ತೆ ಮಾಡಲು ಸೂಕ್ಷ್ಮದರ್ಶಕ ಎಲ್ಲಿಂದ ಬರಬೇಕು? ದಾದಿಯರು ಮತ್ತು ಕ್ಷೇತ್ರ ಕಾರ್ಯಕರ್ತರು ಕಲಿತ ವಿಧಾನ ಬಹಳ ಸರಳ. ರೋಗಿಯನ್ನು ಹಗಲು ಬೆಳಕಿನಲ್ಲಿ ನಿಲ್ಲಿಸಬೇಕು, ಏಕೆಂದರೆ ವಿದ್ಯುದ್ದೀಪದಡಿ ಮಸುಕು ಮಚ್ಚೆ ಮಾಯವಾಗಬಹುದು. ಬಾಲ್‌ಪೆನ್ನಿನ ತುದಿಯನ್ನೋ ಹತ್ತಿಯ ಎಳೆಯನ್ನೋ ಮೊದಲು ಒಳ್ಳೆಯ ಚರ್ಮಕ್ಕೆ ತಾಕಿಸಿ ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಹಗುರವಾಗಿ ಮುಟ್ಟಿ, ಎಲ್ಲಿ ಮುಟ್ಟಿದ್ದೆಂದು ಬೆರಳಿಟ್ಟು ತೋರಿಸಲು ಹೇಳಬೇಕು. ತೋರಿಸಲಾಗದಿದ್ದರೆ ಅನುಮಾನ ಬಲವಾಗುತ್ತದೆ. ಮೊಣಕೈಯ ಹಿಂದೆ, ಕತ್ತಿನ ಪಕ್ಕದಲ್ಲಿ, ಮಂಡಿಯ ಹೊರಬದಿಯಲ್ಲಿ ನರ ದಪ್ಪಗಾಗಿದೆಯೇ ಎಂದು ಬೆರಳಿನಿಂದಲೇ ತಡವಿ ನೋಡಬೇಕು. ಸಿಬ್ಬು, ಹುಳುಕಡ್ಡಿಗಳೂ ಬಣ್ಣ ಬದಲಿಸುತ್ತವೆ, ಆದರೆ ಅವು ಸ್ಪರ್ಶವನ್ನು ಕಸಿಯುವುದಿಲ್ಲ. ಎಲ್ಲರೂ ಮುಟ್ಟಲು ಹೆದರುತ್ತಿದ್ದ ಕಾಯಿಲೆಗೆ ಮುಟ್ಟುವುದೇ ಪರೀಕ್ಷೆಯಾಯಿತು.

ದಾದಿಯ ಕೆಲಸ ಪತ್ತೆಗೇ ಮುಗಿಯಲಿಲ್ಲ. 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದವು. 1955ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1982ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇದರಿಂದ ರೋಗ ವಾಸಿಯಾಗುತ್ತದೆ, ಅಂಟುವ ಭಯವೂ ಬೇಗನೆ ತಪ್ಪುತ್ತದೆ. ಆದರೆ ಇದರಲ್ಲಿನ ಕ್ಲೋಫಜಿಮಿನ್ ಎಂಬ ಔಷಧ ಚರ್ಮವನ್ನು ಕಪ್ಪುಗೆಂಪಾಗಿಸುತ್ತದೆ. ಮಸುಕು ಮಚ್ಚೆಯನ್ನು ಬಟ್ಟೆಯಡಿ ಮುಚ್ಚಿಟ್ಟವನ ಮುಖವೇ ಈಗ ನೆರೆಹೊರೆಗೆ ಸುದ್ದಿ ಹೇಳತೊಡಗುತ್ತದೆ! ರೋಗ ಹೆಚ್ಚಿತೆಂದು ಹೆದರಿ ಮಾತ್ರೆ ಬಿಟ್ಟವರುಂಟು. ಇದು ಔಷಧದ ಬಣ್ಣ, ಚಿಕಿತ್ಸೆ ಮುಗಿದ ಮೇಲೆ ತಿಂಗಳುಗಳಲ್ಲಿ ಇಳಿಯುತ್ತದೆ, ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಾದರೂ ಅದು ರಕ್ತವಲ್ಲ ಎಂದು ಮೊದಲೇ ಹೇಳಬೇಕು. ಅಂದಹಾಗೆ 'ಶುಶ್ರೂಷೆ' ಎಂಬ ಸಂಸ್ಕೃತ ಪದದ ಮೂಲಾರ್ಥ ಕೇಳುವ ಇಚ್ಛೆ. ಇಲ್ಲಿ ಕೇಳುವುದರ ಜೊತೆಗೆ ಹೇಳುವುದೂ ಶುಶ್ರೂಷೆಯೇ.

ಇನ್ನೊಂದು ಬದಲಾವಣೆ ನಿಜಕ್ಕೂ ಅಪಾಯಕಾರಿ. ಚಿಕಿತ್ಸೆಯ ನಡುವೆ, ಕೆಲವೊಮ್ಮೆ ಮುಗಿದ ಮೇಲೂ, ಹಳೆಯ ಮಚ್ಚೆಗಳು ಹಠಾತ್ತನೆ ಕೆಂಪೇರಿ ಊದಿಕೊಳ್ಳಬಹುದು. ದೇಹದ ರಕ್ಷಣಾಶಕ್ತಿಯ ಈ ಪ್ರತಿಕ್ರಿಯೆಯಲ್ಲಿ ನರಗಳೂ ಊದುತ್ತವೆ. ಬೇಗ ಔಷಧ ಸಿಗದಿದ್ದರೆ ಬೆರಳು ಸೆಟೆದುಕೊಳ್ಳುತ್ತವೆ, ಪಾದ ಜೋಲುತ್ತದೆ. ಬಿಳಿ ಚರ್ಮವನ್ನು ಎದುರಿಗಿಟ್ಟುಕೊಂಡು ಬರೆದ ಪಾಶ್ಚಾತ್ಯ ಪಠ್ಯಗಳಲ್ಲಿ ಉರಿಯೂತದ ಮೊದಲ ಲಕ್ಷಣ ಕೆಂಪು. ನಮ್ಮ ಕಂದು, ಕಪ್ಪು ಚರ್ಮಗಳಲ್ಲಿ ಆ ಕೆಂಪು ಅನೇಕ ಸಲ ಕಾಣುವುದೇ ಇಲ್ಲ. ಬಿಸಿ, ಬಿಗಿತ, ಊತಗಳನ್ನು ಕೈಯಿಂದಲೇ ತಿಳಿಯಬೇಕು. ಈ ಕೊರತೆ ಕುಷ್ಠಕ್ಕಷ್ಟೇ ಸೀಮಿತವಲ್ಲ. ರಕ್ತಹೀನತೆಯ ಬಿಳಿಚು, ಕಾಮಾಲೆಯ ಹಳದಿ, ಉಸಿರು ಕಟ್ಟಿದವರ ನೀಲಿ ಇವನ್ನೆಲ್ಲ ನಮ್ಮ ದಾದಿಯರು ಕೆನ್ನೆಯಲ್ಲಿ ಹುಡುಕದೆ ರೆಪ್ಪೆಯೊಳಗೆ, ಕಣ್ಣಿನ ಬಿಳುಪಿನಲ್ಲಿ, ನಾಲಗೆಯಲ್ಲಿ, ಅಂಗೈಯಲ್ಲಿ ಹುಡುಕುತ್ತಾರೆ.

ತಪ್ಪು ಓದಿನ ಬೆಲೆ ಮಾತ್ರ ಆಸ್ಪತ್ರೆಯ ಹೊರಗೆ ತೆರಬೇಕಾಗುತ್ತಿತ್ತು. ಕುಷ್ಠರೋಗಿಗಳನ್ನು ಬೇರ್ಪಡಿಸಲು ಬ್ರಿಟಿಷರು 1898ರಲ್ಲಿ ತಂದ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಮಾತು ಹಿಂದೂ ವಿವಾಹ ಕಾಯ್ದೆಯಿಂದ ಹೋದದ್ದು 2019ರಲ್ಲಿ. ಔಷಧ ಬಂದು ದಶಕಗಳಾದ ಮೇಲೆ!

ರೋಗಿಗಳ ಸಂಖ್ಯೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಯಿತೆಂದು 2005ರ ಡಿಸೆಂಬರಿನಲ್ಲಿ ದೇಶ ನಿವಾರಣೆಯನ್ನು ಸಾರಿತು. ನಿವಾರಣೆ ಎಂದರೆ ಇಲ್ಲವಾಗುವುದು ಎಂದೇ ಹಲವರು ತಿಳಿದರು. ಸೋಂಕು ತಗುಲಿ ಲಕ್ಷಣ ಕಾಣಿಸಲು ಸರಾಸರಿ ಐದು ವರ್ಷ ಹಿಡಿಯುವ ಈ ಕಾಯಿಲೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. 2016ರಲ್ಲಿ ಮನೆಮನೆಗೆ ಹೋಗುವ ಪತ್ತೆ ಆಂದೋಲನವನ್ನು ಕೈಗೊಳ್ಳಬೇಕಾಯಿತು. ಹೆಂಗಸರ ಮೈಯನ್ನು ಆಶಾ ಕಾರ್ಯಕರ್ತೆ ನೋಡುತ್ತಾಳೆ, ಗಂಡಸರದನ್ನು ಪುರುಷ ಕಾರ್ಯಕರ್ತ. ತಮ್ಮ ಕಣ್ಣಿಗೇ ಬೀಳದ ಬೆನ್ನಿನ ಮೇಲೆ ಮಚ್ಚೆಯಿದ್ದು, ನೋವೂ ತುರಿಕೆಯೂ ಇಲ್ಲದ ಕಾರಣ ವರ್ಷಗಟ್ಟಲೆ ಅದನ್ನು ಅರಿಯದವರು ಇಂಥ ತಪಾಸಣೆಯಲ್ಲಿ ಸಿಗುತ್ತಾರೆ.