ಬಂದೂಕಿನ ಹಿಡಿಗೆ ಹಳಮೆಯ ಮೆರುಗು

ಬಂದೂಕಿನ ಹಿಡಿಗೆ ಹಳಮೆಯ ಮೆರುಗು ಕೊಡುವುದೆಂದರೆ, ಹೊಸದಾಗಿ ಕೆತ್ತಿದ ಮರದ ಹಿಡಿಯನ್ನು ಬಣ್ಣ, ಎಣ್ಣೆ ಮತ್ತು ಉಜ್ಜುವಿಕೆಯ ಮೂಲಕ ಬಹುಕಾಲ ಬಳಸಿದಂತೆ ಕಾಣಿಸುವುದು. ನಳಿಕೆಯನ್ನು ಹೊತ್ತು, ಹಿಂತುದಿಯಲ್ಲಿ ಭುಜಕ್ಕೆ ಆನಿಸುವ ಮರದ ಭಾಗವೇ ಹಿಡಿ. ಹಳೆಯ ಹಿಡಿ ಸೀಳಿದಾಗ ಅಥವಾ ಹುಳು ಹಿಡಿದಾಗ ಹೊಸದನ್ನು ಜೋಡಿಸಬೇಕಾಗುತ್ತದೆ. ಹೊಸ ಮರದ ತಿಳಿಬಣ್ಣ ಹಳೆಯ ಲೋಹಕ್ಕೆ ಹೊಂದದಿರುವುದರಿಂದ ಈ ಕ್ರಮವನ್ನು ಅನುಸರಿಸುತ್ತಾರೆ.

ಮರ ಮತ್ತು ಹಳಮೆ

ಹಿಡಿಗೆ ಅಕ್ರೋಟು ಮರ ಶ್ರೇಷ್ಠವೆನಿಸಿದೆ. ಬೀಚ್ ಮರವೂ ಬಳಕೆಯಲ್ಲಿದೆ. ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ .303 ಲೀ-ಎನ್‌ಫೀಲ್ಡ್ ಬಂದೂಕುಗಳು ಭಾರತದ ಪೊಲೀಸ್ ಪಡೆಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದವು. ಇಂತಹ ಬಂದೂಕುಗಳ ಹಿಡಿಯ ಕಡುಗಂದು ಬಣ್ಣವು ಮರದ ಸಹಜ ಬಣ್ಣವಷ್ಟೇ ಅಲ್ಲ. ಪದೇ ಪದೇ ಸವರಿದ ಎಣ್ಣೆ, ಕೈಬೆವರು ಮತ್ತು ಧೂಳು ಸೇರಿ ಮೂಡಿದ್ದು. ಕೈ ತಾಗುವೆಡೆ ಅಂಚುಗಳು ಸವೆದು ದುಂಡಾಗಿರುತ್ತವೆ. ಮೂಲೆಗಳಲ್ಲಿ ಕಪ್ಪು ಉಳಿದಿರುತ್ತದೆ.

ವಿಧಾನ

ಮೊದಲು ಮರವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಒಣಗಿದಾಗ ಎದ್ದ ನಾರನ್ನು ಮತ್ತೆ ಉಜ್ಜಿ ತೆಗೆಯುತ್ತಾರೆ. ಬಳಿಕ ಕೈ ತಾಗುವ ಅಂಚುಗಳನ್ನಷ್ಟೇ ಮೃದುಗೊಳಿಸುತ್ತಾರೆ. ಎಲ್ಲೆಡೆ ಸಮನಾಗಿ ಸವೆಸಿದರೆ ಕೃತಕತೆ ಎದ್ದು ಕಾಣುತ್ತದೆ.

ಮರವನ್ನು ಕಪ್ಪಾಗಿಸಲು ಕಬ್ಬಿಣ ಮತ್ತು ಟ್ಯಾನಿನ್‌ಗಳ ರಾಸಾಯನಿಕ ಕ್ರಿಯೆ ನೆರವಾಗುತ್ತದೆ. ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಹಿಂದೆ ಬರೆಯುವ ಮಸಿ ತಯಾರಿಸುತ್ತಿದ್ದುದು ಇದೇ ತತ್ತ್ವದಿಂದ. ವಿನಿಗರ್‌ನಲ್ಲಿ ಕಬ್ಬಿಣದ ಚೂರುಗಳನ್ನು ನೆನೆಸಿ ಪಡೆದ ದ್ರವವನ್ನು ಬಹಳ ತೆಳುವಾಗಿಸಿ ಹಚ್ಚುತ್ತಾರೆ. ಟ್ಯಾನಿನ್ ಕಡಿಮೆಯಿರುವ ಬೀಚ್ ಮರಕ್ಕೆ ಮೊದಲು ಚಹಾದ ಕಷಾಯ ಬಳಿಯಬೇಕು. ದ್ರವ ಗಾಢವಾದರೆ ಮರ ನೀಲಿಗಪ್ಪಾಗುವುದರಿಂದ ಅದೇ ಮರದ ಚೂರಿನ ಮೇಲೆ ಮೊದಲು ಪರೀಕ್ಷಿಸುವುದು ಅಗತ್ಯ.

ಕೊನೆಯದು ಅಗಸೆ ಎಣ್ಣೆಯ ಲೇಪನ. ಧಾರವಾಡ ಸೀಮೆಯ ಅಡುಗೆಮನೆಗಳಲ್ಲಿ ಚಟ್ನಿಪುಡಿಗೆ ಬಳಸುವ ಅಗಸಿಯ ಬೀಜದಿಂದಲೇ ಈ ಎಣ್ಣೆ ದೊರೆಯುತ್ತದೆ. ಇದು ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಅಂಗೈಯಿಂದ ತಿಕ್ಕಿ, ಹೆಚ್ಚಾದುದನ್ನು ಒರೆಸಿ, ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಮುಂದಿನದನ್ನು ಹಚ್ಚುತ್ತಾರೆ. ಬ್ರಿಟನ್ನಿನ ಬಂದೂಕು ಕುಶಲಕರ್ಮಿಗಳು ಕೆಂಪು ಛಾಯೆಗಾಗಿ ಎಣ್ಣೆಯಲ್ಲಿ ಅಲ್ಕನೆಟ್ ಬೇರನ್ನು ನೆನೆಸುತ್ತಿದ್ದರು.

ಎಚ್ಚರಿಕೆ

ಅಗಸೆ ಎಣ್ಣೆ ತಾಗಿದ ಬಟ್ಟೆಗಳನ್ನು ಮುದ್ದೆಮಾಡಿ ಇಟ್ಟರೆ ಒಳಗೆ ಶಾಖ ಹೆಚ್ಚಿ ತಾವಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಕರ್ನಾಟಕದಲ್ಲಿ

ಕೊಡಗಿನಲ್ಲಿ ಕೋವಿಯು ಮನೆತನದ ಆಸ್ತಿ. ಕೊಡವ ಭಾಷೆಯಲ್ಲಿ ಇದಕ್ಕೆ ತೋಕ್ ಎಂದು ಹೆಸರು. ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಗೊಳಿಸಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತಲೆಮಾರುಗಳ ಕೈ ತಾಗಿ ಸವೆದ ಹಿಡಿಯೇ ಇಂತಹ ಕೋವಿಯ ಚರಿತ್ರೆ.

ಕಾನೂನು ಮತ್ತು ಪ್ರಾಮಾಣಿಕತೆ

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧದ ವ್ಯಾಖ್ಯೆಯೊಳಗೆ ಬರುತ್ತವೆ. ದುರಸ್ತಿಗೂ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಕೋವಿ ಹೊಂದಲು ಷರತ್ತುಬದ್ಧ ವಿನಾಯಿತಿ ಇದೆ.

ಹಳಮೆಯ ಮೆರುಗು ದುರಸ್ತಿಗೆ ಸಲ್ಲುತ್ತದೆ; ಹೊಸದನ್ನು ಪುರಾತನವೆಂದು ಮಾರಲು ಬಳಸಿದರೆ ವಂಚನೆಯಾಗುತ್ತದೆ. ಆದ್ದರಿಂದ ಲೋಹದ ತಗಡಿನ ಅಡಿಯಲ್ಲಿ, ಹೊರಗೆ ಕಾಣದಂತೆ, ಹಿಡಿ ತಯಾರಾದ ವರ್ಷವನ್ನು ಕೆತ್ತಿಡುವುದು ಯೋಗ್ಯ. ಮೂಲ ಹಿಡಿ ಉಳಿದಿದ್ದರೆ ಅದನ್ನು ಉಜ್ಜಿ ಹೊಸದಾಗಿಸಬಾರದು. ತಯಾರಕರ ಮುದ್ರೆ, ಪಡೆಯ ಸಂಖ್ಯೆ ಮತ್ತು ಕೈಗಳ ಗುರುತು ಒಮ್ಮೆ ಅಳಿದರೆ ಯಾವ ಮೆರುಗಿನಿಂದಲೂ ಮರಳಿ ಬಾರವು.