ಥೇಮ್ಸ್ ನದಿಗೆ ಎಸೆಯಬೇಕಿದ್ದ ಹಸ್ತಪ್ರತಿ

ಒಂದು ಕಾದಂಬರಿ ಬರೆಯುವುದು ಎಷ್ಟು ಕಷ್ಟವೋ ಅದನ್ನು ಓದುಗನ ಕೈಗೆ ತಲುಪಿಸುವುದು ಅದಕ್ಕಿಂತ ಕಷ್ಟ. ಈ ಮಾತಿಗೆ ಮೈಸೂರಿನ ಆರ್.ಕೆ. ನಾರಾಯಣ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ. ‘ಮಾಲ್ಗುಡಿ’ ಎಂಬ ಊರು ಇಂದು ಎಲ್ಲರಿಗೂ ಗೊತ್ತು. ಆದರೆ ಆ ಊರಿನ ಮೊದಲ ಕಥೆ ಅಚ್ಚಾಗಲು ಐದು ವರ್ಷ ಹಿಡಿಯಿತು. ಅಚ್ಚಾದ ಮೇಲೂ ಲೇಖಕನ ಪರದಾಟ ಮುಗಿಯಲಿಲ್ಲ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ನಾರಾಯಣ್ ಹುಟ್ಟಿದ್ದು 1906ರಲ್ಲಿ, ಮದರಾಸಿನಲ್ಲಿ. ತಂದೆ ಮೈಸೂರು ಸಂಸ್ಥಾನದಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮುಂದೆ ಇಂಗ್ಲಿಷಿನಲ್ಲೇ ಬರೆದು ಹೆಸರು ಮಾಡಿದ ಈ ಹುಡುಗ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ನಪಾಸಾದದ್ದು ಇಂಗ್ಲಿಷಿನಲ್ಲಿಯೇ! ಆ ಒಂದು ವರ್ಷದ ಬಿಡುವಿನಲ್ಲಿ ಕೈಗೆ ಸಿಕ್ಕಿದ ಪುಸ್ತಕ, ಪತ್ರಿಕೆಗಳನ್ನೆಲ್ಲ ಓದಿದರು. ಕುಕ್ಕರಹಳ್ಳಿ ಕೆರೆಯ ಏರಿ ಅವರ ಓದಿನ ಮನೆಯಾಯಿತು. ಮಹಾರಾಜ ಕಾಲೇಜಿನಿಂದ ಬಿ.ಎ. ಮುಗಿಸಿ ಹೊರಬಂದದ್ದು 1930ರಲ್ಲಿ.

ಬಿ.ಎ. ಆದ ಮೇಲೆ ಸರ್ಕಾರಿ ನೌಕರಿ ಎಂಬುದು ಆ ಕಾಲದ ಲೆಕ್ಕಾಚಾರ. ಚನ್ನಪಟ್ಟಣದ ಶಾಲೆಯೊಂದರಲ್ಲಿ ಮೇಷ್ಟರ ಕೆಲಸವೂ ಸಿಕ್ಕಿತು. ನಾರಾಯಣ್ ಅದನ್ನು ಬಿಟ್ಟು ಬಂದರು. ಮನೆಯವರ ಒತ್ತಾಯಕ್ಕೆ ಮತ್ತೆ ಹೋದರು, ಮತ್ತೆ ಬಿಟ್ಟು ಬಂದರು. ಬರವಣಿಗೆಯೇ ತನ್ನ ಕಸುಬು ಎಂದು ತೀರ್ಮಾನಿಸಿದ ಯುವಕನನ್ನು ನೆಂಟರಿಷ್ಟರು ಅನುಮಾನದಿಂದ ನೋಡಿದ್ದರೆ ಆಶ್ಚರ್ಯವೇನಿಲ್ಲ. ಭಾರತದಲ್ಲಿ ಇಂಗ್ಲಿಷ್ ಕಾದಂಬರಿ ಬರೆದು ಹೊಟ್ಟೆ ಹೊರೆದವರು ಆಗ ಇರಲಿಲ್ಲವೆಂದರೂ ನಡೆದೀತು.

ಮಾಲ್ಗುಡಿ ಹುಟ್ಟಿದ್ದು ಬೆಂಗಳೂರಿನಲ್ಲಿ. 1930ರ ಸೆಪ್ಟೆಂಬರಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಗ, ಅಜ್ಜಿಯೇ ನೋಡಿಕೊಟ್ಟ ಒಳ್ಳೆಯ ದಿನದಂದು, ಒಂದು ನೋಟುಪುಸ್ತಕ ಕೊಂಡು ಕಾದಂಬರಿಯ ಮೊದಲ ಸಾಲು ಬರೆದರು. ಮನಸ್ಸಿನಲ್ಲಿ ಮೊದಲು ಮೂಡಿದ್ದು ಒಂದು ಪುಟ್ಟ ರೈಲು ನಿಲ್ದಾಣ. ಅದರ ಹಿಂದೆಯೇ ಊರು, ಶಾಲೆ, ಸ್ವಾಮಿನಾಥನ್ ಎಂಬ ಹುಡುಗ, ಅವನ ಗೆಳೆಯರು.

ಒಂಬತ್ತು ರೂಪಾಯಿ ಹನ್ನೆರಡಾಣೆ

ಬರೆದು ಮುಗಿಸಿದ್ದಾಯಿತು. ಪ್ರಕಟಿಸುವವರು ಯಾರು? ಕನ್ನಡದ ಲೇಖಕನಿಗೆ ಕಷ್ಟವಿದ್ದರೂ ದಾರಿಗಳಿದ್ದವು. ಧಾರವಾಡದ ಮನೋಹರ ಗ್ರಂಥಮಾಲೆ ಆರಂಭವಾದದ್ದು 1933ರಲ್ಲಿ. ಅದಕ್ಕೂ ಹಿಂದೆ ಗಳಗನಾಥರಂಥವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು. ಆದರೆ ಇಂಗ್ಲಿಷ್ ಕಾದಂಬರಿಗೆ ಮಾರುಕಟ್ಟೆ ಇದ್ದದ್ದು ಲಂಡನ್ನಿನಲ್ಲಿ. ಹಸ್ತಪ್ರತಿ ಹಡಗಿನಲ್ಲಿ ಹೋಗಬೇಕು, ಅಲ್ಲಿ ಯಾರೋ ಓದಬೇಕು, ಬೇಡವೆಂದರೆ ಅದೇ ಹಡಗಿನ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಹೋಗಿ ಬರುವ ಅಂಚೆ ವೆಚ್ಚವೂ ಲೇಖಕನದೇ. ಒಂದೊಂದು ನಿರಾಕರಣೆಗೂ ತಿಂಗಳುಗಳು ಕಳೆಯುತ್ತಿದ್ದವು. ಅಂಚೆಯವನ ಕೈಯಲ್ಲಿ ದಪ್ಪ ಲಕೋಟೆ ಕಂಡರೆ ಸಾಕು, ಉತ್ತರ ಏನೆಂದು ತೆರೆಯದೆಯೇ ಗೊತ್ತಾಗುತ್ತಿತ್ತು.

ಈ ನಡುವೆ ಸಂಪಾದನೆ ಎಷ್ಟು? ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. ಮೊದಲ ವರ್ಷ ಒಂದು ಪುಸ್ತಕ ವಿಮರ್ಶೆಯಿಂದ ಬಂದದ್ದು ಒಂಬತ್ತು ರೂಪಾಯಿ ಹನ್ನೆರಡಾಣೆ. ಎರಡನೆಯ ವರ್ಷ ಒಂದು ಸಣ್ಣಕಥೆಗೆ ಹದಿನೆಂಟು ರೂಪಾಯಿ. ಮೂರನೆಯ ವರ್ಷ ಮಕ್ಕಳ ಕಥೆಯೊಂದಕ್ಕೆ ಮೂವತ್ತು. 1933ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆ ಅವರ ಒಂದು ಹಾಸ್ಯ ಲೇಖನ ಸ್ವೀಕರಿಸಿದ್ದು ಆ ದಿನಗಳ ದೊಡ್ಡ ಗೆಲುವು.

ಮೆಚ್ಚಿದ ಹುಡುಗಿ ರಾಜಮ್ ಅವರನ್ನು, ಜಾತಕ ಕೂಡದಿದ್ದರೂ, ಮದುವೆಯಾದ ಮೇಲೆ ನಿಯತವಾದ ಆದಾಯ ಬೇಕಾಯಿತು. ತಂದೆ ನಿವೃತ್ತರಾಗಿದ್ದರು. ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ನಾರಾಯಣ್ ಮೈಸೂರಿನ ವರದಿಗಾರರಾದರು. ಕೋರ್ಟು, ಪೊಲೀಸ್ ಠಾಣೆ, ಮುನಿಸಿಪಾಲಿಟಿ ಎಂದು ದಿನವಿಡೀ ಸುತ್ತಾಟ. ಅಚ್ಚಾದ ಸುದ್ದಿಯನ್ನು ಅಂಗುಲದಲ್ಲಿ ಅಳೆದು ಹಣ ಕೊಡುತ್ತಿದ್ದರು. ಮಾಲ್ಗುಡಿಯ ವಕೀಲರು, ಗುಮಾಸ್ತರು, ಅರ್ಜಿ ಬರೆಯುವವರು ಅಷ್ಟು ಜೀವಂತವಾಗಿದ್ದರೆ ಅದಕ್ಕೆ ಈ ಅಲೆದಾಟವೂ ಒಂದು ಕಾರಣವಿರಬೇಕು.

ಗೆಳೆಯ ಪಾಲಿಸದ ಮಾತು

ಅಷ್ಟರಲ್ಲಿ ಮೈಸೂರಿನ ಗೆಳೆಯ ಪೂರ್ಣ ಓದಲೆಂದು ಆಕ್ಸ್‌ಫರ್ಡಿಗೆ ಹೋಗಿದ್ದರು. ಲಂಡನ್ನಿನ ಪ್ರಕಾಶಕರಿಂದ ಮರಳುವ ಹಸ್ತಪ್ರತಿಯನ್ನು ಅವರ ವಿಳಾಸಕ್ಕೇ ಕಳಿಸುವ ಏರ್ಪಾಡಾಯಿತು. ಕೊನೆಗೆ ಬೇಸತ್ತ ನಾರಾಯಣ್ ಪೂರ್ಣರಿಗೆ ಬರೆದರು: ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು.

ಪೂರ್ಣ ಎಸೆಯಲಿಲ್ಲ. ಆಕ್ಸ್‌ಫರ್ಡಿನಲ್ಲೇ ವಾಸವಾಗಿದ್ದ ಯುವ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರಿಗೆ ಅದನ್ನು ಓದಲು ಕೊಟ್ಟರು. ಗ್ರೀನ್ ಮೆಚ್ಚಿದ್ದಷ್ಟೇ ಅಲ್ಲ, ಹ್ಯಾಮಿಶ್ ಹ್ಯಾಮಿಲ್ಟನ್ ಪ್ರಕಾಶನಕ್ಕೆ ಶಿಫಾರಸು ಮಾಡಿದರು. ಕೃತಿಯ ಹೆಸರು ಬದಲಾಯಿತು. ಲೇಖಕರ ಹೆಸರೂ ಮೊಟಕಾಯಿತು. ಆರ್.ಕೆ. ನಾರಾಯಣಸ್ವಾಮಿ ಎಂಬುದು ಇಂಗ್ಲಿಷ್ ಓದುಗರಿಗೆ ಉದ್ದವಾದೀತೆಂದು ಆರ್.ಕೆ. ನಾರಾಯಣ್ ಆದದ್ದು ಗ್ರೀನ್ ಅವರ ಸಲಹೆಯಂತೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರ ಅಕ್ಟೋಬರಿನಲ್ಲಿ ಹೊರಬಂತು.

ಕಥೆ ಇಲ್ಲಿಗೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ವಿಮರ್ಶಕರು ಹೊಗಳಿದರೂ ಪುಸ್ತಕ ಮಾರಾಟವಾಗಲಿಲ್ಲ. ಎರಡನೆಯ ಕಾದಂಬರಿಯನ್ನು ಅದೇ ಪ್ರಕಾಶಕರು ಬೇಡವೆಂದರು. ಗ್ರೀನ್ ಮತ್ತೆ ಓಡಾಡಿ ಅದನ್ನು ನೆಲ್ಸನ್ ಸಂಸ್ಥೆಗೆ ಕೊಡಿಸಿದರು. ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ 1937ರಲ್ಲಿ ಬಂತು. ಮರುವರ್ಷದ ‘ದಿ ಡಾರ್ಕ್ ರೂಮ್’ ಪ್ರಕಟಿಸಿದ್ದು ಮ್ಯಾಕ್‌ಮಿಲನ್. ಮೂರು ಪುಸ್ತಕ, ಮೂವರು ಪ್ರಕಾಶಕರು. ಮೂರೂ ಸಲ ಹೊಗಳಿಕೆ ಬಂತು, ಹಣ ಬರಲಿಲ್ಲ.

1939ರಲ್ಲಿ ಟೈಫಾಯಿಡ್ ಜ್ವರಕ್ಕೆ ರಾಜಮ್ ತೀರಿಕೊಂಡರು. ಪುಟ್ಟ ಮಗಳು ಹೇಮಾಳೊಂದಿಗೆ ಉಳಿದ ನಾರಾಯಣ್ ಕೆಲಕಾಲ ಏನನ್ನೂ ಬರೆಯಲಾರದೆ ಹೋದರು. ಅದೇ ವರ್ಷ ಶುರುವಾದ ಮಹಾಯುದ್ಧ ಲಂಡನ್ನಿನ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿತು.

ತಾನೇ ಪ್ರಕಾಶಕ

ಇಂಥ ಹೊತ್ತಿನಲ್ಲಿ ಅವರು ಮಾಡಿದ್ದು ಗಮನಾರ್ಹ ಕೆಲಸ. 1941ರಲ್ಲಿ ‘ಇಂಡಿಯನ್ ಥಾಟ್’ ಎಂಬ ತ್ರೈಮಾಸಿಕವನ್ನು ಮೈಸೂರಿನಿಂದಲೇ ಹೊರಡಿಸಿದರು. ಅದು ಮೂರು ಸಂಚಿಕೆಗಳಿಗೆ ನಿಂತಿತು. ಆದರೆ ಆ ಸಾಹಸ ಎರಡು ಫಲ ಕೊಟ್ಟಿತು. ಅದನ್ನು ಅಚ್ಚು ಹಾಕಿದ ಸ್ಥಳೀಯ ಮುದ್ರಕರು ಮುಂದೆ ‘ಮಿಸ್ಟರ್ ಸಂಪತ್’ (1949) ಕಾದಂಬರಿಯ ನಾಯಕನಿಗೆ ಮಾದರಿಯಾದರು. ಪತ್ರಿಕೆಯ ಹೆಸರಿನಲ್ಲೇ ಉಳಿದ ಪ್ರಕಾಶನ ಸಂಸ್ಥೆ ನಾರಾಯಣ್ ಅವರ ಪುಸ್ತಕಗಳನ್ನು ಭಾರತದ ಓದುಗರಿಗೆ ಕೈಗೆಟಕುವ ಬೆಲೆಯಲ್ಲಿ ಒದಗಿಸಿತು. ವರ್ಷಗಟ್ಟಲೆ ಪರದೇಶದ ಒಪ್ಪಿಗೆಗಾಗಿ ಕಾದ ಲೇಖಕ ಕೊನೆಗೆ ತನ್ನ ಪುಸ್ತಕಕ್ಕೆ ತಾನೇ ಬಾಗಿಲು ತೆರೆದಂತಾಯಿತು.

ಪತ್ನಿಯ ಅಗಲಿಕೆಯ ನೋವು ‘ದಿ ಇಂಗ್ಲಿಷ್ ಟೀಚರ್’ (1945) ಆಗಿ ಹೊರಬಂತು. ಅಮೆರಿಕದಲ್ಲಿ ಅವರ ಪುಸ್ತಕಗಳು ಬರತೊಡಗಿದ್ದು 1953ರಲ್ಲಿ, ‘ಸ್ವಾಮಿ’ ಬಂದ ಹದಿನೆಂಟು ವರ್ಷಗಳ ಬಳಿಕ. 1958ರ ‘ದಿ ಗೈಡ್’ ಕೃತಿಗೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲಿಷ್ ಕೃತಿಗೆ ಆ ಗೌರವ ಸಂದದ್ದು ಅದೇ ಮೊದಲು. ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಸ್ವಾಮಿಯನ್ನು ಮನೆಮನೆಗೆ ತಂದಿತು. ನಾರಾಯಣ್ 2001ರಲ್ಲಿ ಚೆನ್ನೈನಲ್ಲಿ ನಿಧನರಾದರು. ಮೈಸೂರಿನ ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ 2016ರಿಂದ ವಸ್ತುಸಂಗ್ರಹಾಲಯ.

ಪ್ರತಿಭೆ ಇದ್ದರೆ ಮನ್ನಣೆ ತಾನಾಗಿ ಬರುತ್ತದೆ ಎನ್ನುವವರುಂಟು. ನಾರಾಯಣ್ ಅವರ ಚರಿತ್ರೆ ಹಾಗೆ ಹೇಳುವುದಿಲ್ಲ. ಪಟ್ಟುಹಿಡಿದು ಬರೆದದ್ದು ಅವರ ಪಾಲು. ನಿರಾಶೆಯ ಒಂದು ಗಳಿಗೆಯಲ್ಲಿ ಅವರೇ ಕೈಬಿಟ್ಟಾಗ ಹಸ್ತಪ್ರತಿಯನ್ನು ಉಳಿಸಿದ್ದು, ಹೇಳಿದ ಮಾತು ಕೇಳದ ಒಬ್ಬ ಗೆಳೆಯ. ಅಂಥ ಗೆಳೆಯರಿಲ್ಲದೆ ಮುಳುಗಿಹೋದ ಹಸ್ತಪ್ರತಿಗಳು ಎಷ್ಟಿದ್ದವೋ, ಅವುಗಳ ಲೆಕ್ಕ ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ.