ಹಂಡೆ ಒಲೆಯಿಂದ ತಾರಸಿಗೆ: ದಕ್ಷಿಣ ಬೆಂಗಳೂರಿನ ಬಿಸಿನೀರು

ಬನಶಂಕರಿಯಿಂದ ಯಲಚೇನಹಳ್ಳಿ ಕಡೆಗೆ ಮೆಟ್ರೊದಲ್ಲಿ ಹೋಗುವಾಗ ಸಾರಕ್ಕಿ, ಜರಗನಹಳ್ಳಿಯ ಮನೆಗಳ ತಾರಸಿಗಳು ಕಣ್ಣ ಮಟ್ಟಕ್ಕೇ ಬರುತ್ತವೆ. ಕಪ್ಪು ಸಿಂಟೆಕ್ಸ್ ಟ್ಯಾಂಕು, ಬಟ್ಟೆ ಒಣಹಾಕಿದ ತಂತಿ, ಒಂದೆರಡು ಹೂಕುಂಡ. ಇವುಗಳ ನಡುವೆ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ಕೂತ ಸೋಲಾರ್ ಫಲಕ, ಅದರ ಮೇಲ್ಭಾಗದಲ್ಲಿ ಅಡ್ಡ ಮಲಗಿಸಿದ ಟ್ಯಾಂಕು. ಸಾಲು ಸಾಲು ಮನೆಗಳಲ್ಲಿ ಇದೇ ನೋಟ. ದೇಶದ ಸೋಲಾರ್ ವಾಟರ್ ಹೀಟರುಗಳ ರಾಜಧಾನಿ ಎಂಬ ಹೆಸರು ಬೆಂಗಳೂರಿಗೆ ಸುಮ್ಮನೆ ಬಂದದ್ದಲ್ಲ, ಒಂದು ಸರ್ಕಾರಿ ಆದೇಶದಿಂದ ಬಂದದ್ದೂ ಅಲ್ಲ. ಊರಿನ ಹವೆ, ಕರೆಂಟಿನ ಅಭಾವ, ಇಲ್ಲೇ ನೆಲೆಯೂರಿದ ಕಾರ್ಖಾನೆಗಳು, ಸ್ವಂತ ತಾರಸಿಯಿದ್ದ ಮಧ್ಯಮ ವರ್ಗ ಎಲ್ಲವೂ ಕೂಡಿಬಂದು ಆದ ಕೆಲಸ ಇದು. ಈಗ ಅದು ಕವಲುದಾರಿಯಲ್ಲಿ ನಿಂತಿದೆ. ಹಾಗಾಗಿ ಬಂದ ದಾರಿಯನ್ನು ಒಮ್ಮೆ ನೋಡಬೇಕು.

ಜೆ.ಪಿ. ನಗರದ ಬಡಾವಣೆಗಳು ಏಳುವ ಮೊದಲು ಸಾರಕ್ಕಿ ಕೆರೆ, ಹೊಲ, ತೋಟಗಳ ಹಳ್ಳಿ. ಹಳೇ ಮೈಸೂರಿನ ಎಲ್ಲ ಹಳ್ಳಿಗಳಂತೆ ಇಲ್ಲೂ ಬಿಸಿನೀರೆಂದರೆ ಬಚ್ಚಲುಮನೆಯ ಮೂಲೆಯಲ್ಲಿ ಕಟ್ಟಿದ ಒಲೆ, ಅದರ ಮೇಲೆ ಕುತ್ತಿಗೆಯವರೆಗೆ ಹೂತು ಕೂರಿಸಿದ ತಾಮ್ರದ ಹಂಡೆ. ತೆಂಗಿನ ಮಟ್ಟೆ, ಸೋಗೆ, ಚಿಪ್ಪು, ಒಣ ಪುಳ್ಳೆ, ಏನು ಸಿಕ್ಕರೂ ಉರಿಗೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಅದರ ಕೊರಳಿಗೆ ಹೂವು ಕಟ್ಟಿ, ಅರಿಶಿನ ಕುಂಕುಮ ಇಟ್ಟು ಹೊಸ ನೀರು ತುಂಬುತ್ತಿದ್ದರು. ನೀರು ಕಾಯಿಸುವ ಪಾತ್ರೆಗೆ ಪೂಜೆ ಸಲ್ಲಿಸಿದ ನಾಡು ನಮ್ಮದು. ಆದರೆ ಆ ಒಲೆಯ ಹೊಗೆ ಕುಡಿದವರು ಯಾರು, ಬೆಳಗಿನ ಜಾವ ಎದ್ದು ಊದುಗೊಳವೆ ಹಿಡಿದವರು ಯಾರು ಎಂಬುದನ್ನೂ ಮರೆಯಬಾರದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಒಲೆಯ ಸುಧಾರಣೆಗೆ ಕೈಹಾಕಿದ್ದು ಇದೇ ಕಾರಣಕ್ಕೆ. ಅಸ್ತ್ರ ಒಲೆ ಕರ್ನಾಟಕದ ಹಳ್ಳಿ ಹಳ್ಳಿಗೂ ಪರಿಚಿತವಾಯಿತು.

ಪೇಟೆಯ ಮನೆಗಳು ಬೇರೆ ದಾರಿ ಹಿಡಿದವು. ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಬೆಂಗಳೂರಿಗೆ ಬಂದಿತ್ತಾದರೂ ಬಹುಕಾಲ ಅದು ದೀಪಕ್ಕಷ್ಟೇ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ದಕ್ಷಿಣಕ್ಕೆ ಬೆಳೆದ ಬಡಾವಣೆಗಳಲ್ಲಿ ಮೊದಲು ಸೌದೆಯ ತಾಮ್ರದ ಬಾಯ್ಲರ್, ಆಮೇಲೆ ಬಕೆಟ್ಟಿಗೆ ಇಳಿಬಿಡುವ ಕಾಯಿಲ್, ಕೊನೆಗೆ ಗೋಡೆಯ ಮೇಲೆ ಗೀಸರ್ ಬಂತು. ಗೀಸರ್ ಬಂದಾಗ ಒಲೆಯೂ ಹೊಗೆಯೂ ಹೋದವು, ಆದರೆ ಹೊಸ ತಾಪತ್ರಯ ಹುಟ್ಟಿತು. 2 ಕಿಲೋವ್ಯಾಟಿನ ಗೀಸರನ್ನು ಇಡೀ ನಗರ ಬೆಳಿಗ್ಗೆ ಆರರಿಂದ ಎಂಟರೊಳಗೆ ಒಟ್ಟಿಗೆ ಹಾಕಿದರೆ ಎಷ್ಟು ವಿದ್ಯುತ್ ಕೇಂದ್ರಗಳಿದ್ದರೂ ಸಾಲದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕೆಇಬಿಯ ಕಾಲದ ಲೋಡ್ ಶೆಡ್ಡಿಂಗ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಸರಳವಾಗಿದೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯುನಿಟ್ ಶಕ್ತಿ ಬೇಕು. ಬೆಂಗಳೂರಿನ ತಾರಸಿಯ ಮೇಲೆ ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ 5 ಯುನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಎರಡು ಚದರ ಮೀಟರಿನ ಫಲಕ ಅದರ ಅರ್ಧವನ್ನು ಹಿಡಿದುಕೊಂಡರೂ ಒಂದು ಸಣ್ಣ ಸಂಸಾರದ ಸ್ನಾನ ಮುಗಿಯಿತು. 100 ಲೀಟರಿನ ಒಂದು ಸೋಲಾರ್ ವ್ಯವಸ್ಥೆ ವರ್ಷಕ್ಕೆ 1500 ಯುನಿಟ್‌ವರೆಗೆ ಉಳಿಸುತ್ತದೆ, ಅಂಥ ಸಾವಿರ ವ್ಯವಸ್ಥೆಗಳು ಬೆಳಗಿನ ಬೇಡಿಕೆಯಲ್ಲಿ ಒಂದು ಮೆಗಾವ್ಯಾಟ್ ತಗ್ಗಿಸುತ್ತವೆ ಎಂಬುದು ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜು.

ಈ ವಿದ್ಯೆ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲೇ ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆಗೆ ಪೇಟೆಂಟ್ ಪಡೆದಿದ್ದ. ಸಂಜೆಯಾದರೆ ಅದರ ನೀರು ತಣ್ಣಗಾಗುತ್ತಿತ್ತು. ಬಿಸಿಲು ಹಿಡಿಯುವ ಫಲಕವನ್ನೂ ನೀರು ಕೂಡಿಡುವ ಟ್ಯಾಂಕನ್ನೂ ಬೇರೆ ಮಾಡಿ, ಟ್ಯಾಂಕಿಗೆ ಶಾಖ ಸೋರದಂತೆ ಹೊದಿಕೆ ಕೊಟ್ಟವನು ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ, 1909ರಲ್ಲಿ. ಇಂದು ಸಾರಕ್ಕಿಯ ತಾರಸಿಯಲ್ಲಿರುವುದೂ ಮೂಲದಲ್ಲಿ ಅವನ ವಿನ್ಯಾಸವೇ. ಮುಂದೆ ಅಗ್ಗದ ಗ್ಯಾಸು, ಕರೆಂಟು ಬಂದು ಅಮೆರಿಕದಲ್ಲಿ ಅದು ಮೂಲೆಗೆ ಬಿತ್ತು. ಬಿಸಿಲು ಧಾರಾಳವಾಗಿದ್ದು ಇಂಧನ ದುಬಾರಿಯಾಗಿದ್ದ ಕಡೆ ಉಳಿಯಿತು: ಆಸ್ಟ್ರೇಲಿಯಾದಲ್ಲಿ 1950ರ ದಶಕದಿಂದಲೇ ತಯಾರಿಕೆ ನಡೆದಿತ್ತು, ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿತು. ಭಾರತ ಎಚ್ಚೆತ್ತದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಅಸಾಂಪ್ರದಾಯಿಕ ಇಂಧನಕ್ಕೆಂದೇ ಕೇಂದ್ರದಲ್ಲಿ ಪ್ರತ್ಯೇಕ ಇಲಾಖೆ ಹುಟ್ಟಿದ್ದು 1982ರಲ್ಲಿ.

ಬೆಂಗಳೂರೇ ಏಕೆ ಮುಂದಾಯಿತು? ನನ್ನ ಪ್ರಕಾರ ಮೊದಲ ಕಾರಣ ಎತ್ತರ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಈ ಊರಿನಲ್ಲಿ ಏಪ್ರಿಲ್ ತಿಂಗಳ ಬೆಳಗಿನಲ್ಲೂ ಉಷ್ಣಾಂಶ 22 ಡಿಗ್ರಿಯ ಆಸುಪಾಸು. ಚೆನ್ನೈನಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರೇ ಬಿಸಿ. ಇಲ್ಲಿ ವರ್ಷವಿಡೀ ಸ್ನಾನಕ್ಕೆ ಬಿಸಿನೀರು ಬೇಕು, ಜೊತೆಗೆ ವರ್ಷದ ಬಹುಪಾಲು ಬಿಸಿಲೂ ಇದೆ. ಹಾಕಿದ ಬಂಡವಾಳ ಬೇಗ ವಾಪಸು ಬರುವುದು ಇಂಥ ಕಡೆಯೇ. ಎರಡನೆಯದು ಉದ್ಯಮ. ಟಾಟಾ ಬಿಪಿ ಸೋಲಾರ್ 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು, ಎಮ್ವೀ ಕಂಪನಿ 1992ರಲ್ಲಿ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೊ ಹೆಸರು ಮಾಡಿದ್ದು ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸಿ. ಬ್ಯಾಂಕ್ ಸಾಲದ ಮೂಲಕ ಸೋಲಾರ್ ಕೊಳ್ಳಬಹುದು, ಮಾರಿದ ಮೇಲೂ ಮನೆಬಾಗಿಲಿಗೆ ಬಂದು ರಿಪೇರಿ ಮಾಡಬೇಕು ಎಂಬ ಪಾಠ ಈ ಕ್ಷೇತ್ರಕ್ಕೆ ಸಿಕ್ಕಿದ್ದರಲ್ಲಿ ಆ ಸಂಸ್ಥೆಯ ಪಾಲು ದೊಡ್ಡದು. ಅದರ ಕಚೇರಿ ಇರುವುದು ಸಾರಕ್ಕಿಗೆ ಹತ್ತಿರದ ಜೆ.ಪಿ. ನಗರದಲ್ಲೇ.

ಹಳೆಯ ಫ್ಲಾಟ್ ಪ್ಲೇಟ್ ಫಲಕವನ್ನು ಹತ್ತಿರದಿಂದ ನೋಡಿದರೆ ಅದರ ಜಾಣತನ ಅರ್ಥವಾಗುತ್ತದೆ. ಅಲ್ಯೂಮಿನಿಯಂ ಚೌಕಟ್ಟು, ಮೇಲೆ ಗಟ್ಟಿ ಗಾಜು, ಒಳಗೆ ಕಪ್ಪು ಲೇಪನದ ತಾಮ್ರದ ಪಟ್ಟಿಗಳು. ಪ್ರತಿ ಪಟ್ಟಿಗೂ ಅರ್ಧ ಇಂಚಿನ ತಾಮ್ರದ ಕೊಳವೆ ಬೆಸೆದಿರುತ್ತದೆ. ಕಾದ ನೀರು ಹಗುರವಾಗಿ ಕೊಳವೆಯಲ್ಲಿ ಮೇಲೇರಿ ಟ್ಯಾಂಕು ಸೇರುತ್ತದೆ, ಟ್ಯಾಂಕಿನ ತಳದ ತಣ್ಣೀರು ಆ ಜಾಗಕ್ಕೆ ಇಳಿಯುತ್ತದೆ. ಮೋಟರಿಲ್ಲ, ಕರೆಂಟಿಲ್ಲ, ಸದ್ದಿಲ್ಲ. ಟ್ಯಾಂಕಿನ ತಳ ಫಲಕದ ತಲೆಗಿಂತ ಒಂದಡಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ರಾತ್ರಿ ಬಿಸಿನೀರು ಹಿಂದಕ್ಕೆ ಹರಿದು ಫಲಕದಲ್ಲಿ ಆರಿಹೋಗುತ್ತದೆ. ಸಿಂಟೆಕ್ಸ್ ಟ್ಯಾಂಕು ಇವೆಲ್ಲಕ್ಕಿಂತ ಎತ್ತರದಲ್ಲಿರಬೇಕು. ಅದು ಖಾಲಿಯಾದರೆ ಸೋಲಾರ್ ಟ್ಯಾಂಕಿನ ತುಂಬ ಬಿಸಿನೀರಿದ್ದರೂ ಬಚ್ಚಲಿನ ನಲ್ಲಿಗೆ ಬರುವುದಿಲ್ಲ. ತಣ್ಣೀರು ಒಳಗೆ ನುಗ್ಗಿದಷ್ಟೇ ಬಿಸಿನೀರು ಹೊರಗೆ. ಹೊಸದಾಗಿ ಹಾಕಿಸಿದವರು ‘ಸೋಲಾರ್ ಕೆಟ್ಟಿದೆ’ ಎಂದು ದೂರುವ ಎಷ್ಟೋ ಸಲ ಕೆಟ್ಟಿರುವುದು ಸೋಲಾರ್ ಅಲ್ಲ, ಸಂಪಿನ ಮೋಟರ್ ಹಾಕುವುದನ್ನು ಮರೆತಿರುತ್ತಾರೆ.

ನಿಯಮಗಳು ಬಂದದ್ದು ಹವೆ, ಉದ್ಯಮಗಳು ದಾರಿ ಹಾಕಿಕೊಟ್ಟ ನಂತರ. ಬೆಸ್ಕಾಂ ಸೋಲಾರ್ ಹಾಕಿಸಿದ ಮನೆಗಳಿಗೆ ಯುನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನು ಬಹುಕಾಲ ಕೊಟ್ಟಿತು. 2007ರಲ್ಲಿ ರಾಜ್ಯ ಸರ್ಕಾರ 600 ಚದರಡಿ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರನ್ನು ಕಡ್ಡಾಯಗೊಳಿಸಿತು. ಇಲ್ಲದಿದ್ದರೆ ಹೊಸ ವಿದ್ಯುತ್ ಸಂಪರ್ಕವಿಲ್ಲ. 2010ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೋಲಾರ್ ಮಿಷನ್, 2022ರ ಹೊತ್ತಿಗೆ ದೇಶದಲ್ಲಿ 2 ಕೋಟಿ ಚದರ ಮೀಟರ್ ಫಲಕದ ಗುರಿ ಇಟ್ಟುಕೊಂಡು ಸಹಾಯಧನ ಕೊಟ್ಟಿತು. 2014ರಲ್ಲಿ ಸಹಾಯಧನ ನಿಂತಿತು. ಕಡ್ಡಾಯದಿಂದ ಸಂಖ್ಯೆ ಹೆಚ್ಚಿತು ನಿಜ. ಆದರೆ ಮೀಟರ್ ಸಿಗಲೆಂದು ಹಾಕಿಸಿದ ಸೋಲಾರಿಗೂ ಬಿಸಿನೀರು ಬೇಕೆಂದು ಹಾಕಿಸಿದ ಸೋಲಾರಿಗೂ ವ್ಯತ್ಯಾಸವಿದೆ, ಅದು ಐದಾರು ವರ್ಷದಲ್ಲಿ ತಾರಸಿಯ ಮೇಲೆ ಕಾಣುತ್ತದೆ.

ಆ ವ್ಯತ್ಯಾಸದ ಮೂಲ ನೀರಿನಲ್ಲಿದೆ. ಕಾವೇರಿ ನೀರು ವಾರಕ್ಕೆರಡು ಮೂರು ದಿನ ಬರುವ ಬೀದಿಗಳಲ್ಲಿ ಉಳಿದ ದಿನಕ್ಕೆ ಬೋರ್‌ವೆಲ್ಲು, ಇಲ್ಲವೇ ಟ್ಯಾಂಕರು. ಬೋರಿನ ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣದ ಅಂಶ ಬಿಳಿ ಪದರವಾಗಿ ಕೊಳವೆಯ ಒಳಗೋಡೆಗೆ ಅಂಟುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಎಲ್ಲರೂ ಕಂಡಿರುವ ಪದರವೇ ಅದು. ಪಾತ್ರೆಯನ್ನು ಉಜ್ಜಬಹುದು, ಅರ್ಧ ಇಂಚಿನ ಕೊಳವೆಯೊಳಗೆ ಕೈ ಹೋಗುವುದಿಲ್ಲ. ವರ್ಷ ವರ್ಷಕ್ಕೂ ದಾರಿ ಕಿರಿದಾಗಿ ಕೊನೆಗೆ ಹರಿವೇ ನಿಲ್ಲುತ್ತದೆ. ಫಲಕ ಕೈಯಿಟ್ಟರೆ ಸುಡುತ್ತದೆ, ಟ್ಯಾಂಕಿನ ನೀರು ಮಾತ್ರ ತಣ್ಣಗೆ. ಪ್ಲಂಬರ್ ಬಂದು ಫಲಕ ಬಿಚ್ಚಿ, ತೆಳು ಆಸಿಡ್ ಹಾಯಿಸಿ ತೊಳೆದರೆ ಹೆಚ್ಚಿನವು ಮತ್ತೆ ಕೆಲಸಕ್ಕೆ ಬರುತ್ತವೆ. ತೊಳೆಸುವ ಬದಲು ಗೀಸರ್ ಹಾಕಿಸಿಕೊಂಡು ಫಲಕವನ್ನು ಹಾಗೇ ಬಿಟ್ಟ ಮನೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ನನಗೆ ಹೆಚ್ಚು ಬೇಸರ ತರಿಸುವ ಸಂಗತಿ ಇದು. ತಾಮ್ರ, ಗಾಜು, ಬಿಸಿಲು ಮೂರೂ ಸರಿಯಾಗಿಯೇ ಇದ್ದು, ಒಂದು ದಿನದ ಕೆಲಸ ಆಗದೆ ಇಡೀ ವ್ಯವಸ್ಥೆ ಸತ್ತಂತೆ ಕೂತಿರುತ್ತದೆ.

ಗಾಜಿನ ಕೊಳವೆಗಳ ಇಟಿಸಿ ಮಾದರಿ ಜನಪ್ರಿಯವಾದದ್ದು ಭಾಗಶಃ ಈ ಗಡಸು ನೀರಿನಿಂದಲೇ. ಒಂದರೊಳಗೊಂದು ಎರಡು ಗಾಜಿನ ಕೊಳವೆ, ನಡುವೆ ಥರ್ಮಾಸ್ ಫ್ಲಾಸ್ಕಿನಲ್ಲಿರುವಂತೆ ನಿರ್ವಾತ. ಒಳಗಿನ ಕೊಳವೆ ಅಗಲವಾಗಿರುವುದರಿಂದ ಸುಣ್ಣದಿಂದ ಬೇಗ ಕಟ್ಟಿಕೊಳ್ಳುವುದಿಲ್ಲ, ಮೋಡದ ದಿನಗಳಲ್ಲೂ ಚೆನ್ನಾಗಿ ಕಾಯುತ್ತದೆ. ಎಲ್ಲಕ್ಕಿಂತ ಮುಖ್ಯ, ಬೆಲೆ ಕಡಿಮೆ. ಚೀನಾದ ಕೊಳವೆಗಳು ಬಂದ ಮೇಲೆ ತಾಮ್ರದ ಫಲಕ ಪೈಪೋಟಿಯಲ್ಲಿ ಹಿಂದೆ ಬಿತ್ತು. ಆದರೂ ನೀರು ಮೃದುವಾಗಿರುವ ಮನೆಗೆ ನಾನು ತಾಮ್ರವನ್ನೇ ಹೇಳುತ್ತೇನೆ, ಬಾಳಿಕೆಯ ದೃಷ್ಟಿಯಿಂದ. ಬೋರ್ ನೀರೇ ಗತಿ ಎನ್ನುವವರಿಗೆ ಇಟಿಸಿ ಸರಿ.

ಫಲಕದಷ್ಟೇ ಮುಖ್ಯವಾದದ್ದು ಪೈಪು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮುಕ್ಕಾಲು ಇಂಚಿನ ಪೈಪಿನ ಒಂದು ಮೀಟರಿನಲ್ಲಿ ಕಾಲು ಲೀಟರಿಗೂ ಮಿಕ್ಕಿ ನೀರು ನಿಂತಿರುತ್ತದೆ. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ 20 ಮೀಟರ್ ಸುತ್ತಿಬಂದರೆ ಬಿಸಿನೀರು ಬರುವ ಮೊದಲು ಐದಾರು ಲೀಟರ್ ತಣ್ಣೀರು ಬಿಡಬೇಕು. ಅದನ್ನು ಬಕೆಟ್ಟಿಗೆ ಹಿಡಿದಿಟ್ಟುಕೊಳ್ಳಬೇಕೆಂಬುದನ್ನು 2024ರ ಬೇಸಿಗೆಯ ನೀರಿನ ಬವಣೆ ಕಲಿಸಿದೆ. ಇನ್ನು ಸೋಲಾರ್ ಟ್ಯಾಂಕಿನೊಳಗಿನ ಕಾಯಿಲ್. ಮೋಡವಿದ್ದಾಗಲೆಂದು ಕೊಟ್ಟ ಈ ಸೌಲಭ್ಯವನ್ನು ರಾತ್ರಿಯಿಡೀ ಹಾಕಿಟ್ಟರೆ ಟ್ಯಾಂಕಿನ ನೀರನ್ನೆಲ್ಲ ಕರೆಂಟೇ ಕಾಯಿಸುತ್ತದೆ. ಮರುದಿನದ ಬಿಸಿಲಿಗೆ ಕೆಲಸವೇ ಉಳಿಯುವುದಿಲ್ಲ.

ಈಗಿನ ಸವಾಲುಗಳು ಬೇರೆ. 30x40ರ ನಿವೇಶನದಲ್ಲಿ ಒಂದಂತಸ್ತಿನ ಮನೆ ಕೆಡವಿ ನಾಲ್ಕಂತಸ್ತು ಏರಿಸಿದರೆ ಉತ್ತರದ ಮನೆಯ ಫಲಕಕ್ಕೆ, ಬಿಸಿನೀರು ಹೆಚ್ಚು ಬೇಕಾದ ಚಳಿಗಾಲದಲ್ಲೇ ನೆರಳು. ಅಪಾರ್ಟ್‌ಮೆಂಟಿನಲ್ಲಿ ಮನೆಗಳು ನೂರಾದರೂ ತಾರಸಿ ಒಂದೇ, ಮೇಲಿನ ಕೆಲವು ಮಹಡಿಗಳಿಗೆ ಮಾತ್ರ ಸೋಲಾರ್ ಸಾಲುತ್ತದೆ. ಅಗ್ಗವೆಂದು ಗ್ಯಾಸ್ ಗೀಸರ್ ಹಾಕಿಸುವವರಿದ್ದಾರೆ. ಗಾಳಿಯಾಡದ ಬಚ್ಚಲಿನಲ್ಲಿ ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಅದನ್ನು ಬಚ್ಚಲೊಳಗೆ ಹಾಕಿಸಲೇಬೇಡಿ. 2023ರಲ್ಲಿ ಬಂದ ಗೃಹಜ್ಯೋತಿಯಿಂದ 200 ಯುನಿಟ್‌ವರೆಗೆ ಬಿಲ್ಲು ಬಾರದ ಮನೆಗಳಿಗೆ ಗೀಸರಿನ ಖರ್ಚು ಕಣ್ಣಿಗೆ ಕಾಣುವುದಿಲ್ಲ. ಯೋಜನೆ ಬಡವರಿಗೆ ಆಸರೆಯಾಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಬೆಳಗಿನ ಗೀಸರಿನ ಹೊರೆ ಯಾರ ಬಿಲ್ಲಿನಲ್ಲೂ ಇಲ್ಲವೆಂದ ಮಾತ್ರಕ್ಕೆ ಗ್ರಿಡ್ಡಿನ ಮೇಲಿಂದ ಇಳಿದಿಲ್ಲ.

ಇತ್ತ ತಾರಸಿಗೆ ಹೊಸ ಬಾಡಿಗೆದಾರ ಬಂದಿದ್ದಾನೆ: ವಿದ್ಯುತ್ ತಯಾರಿಸುವ ಫಲಕ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನವಿದೆ, ನೀರಿನ ಸೋಲಾರಿಗೆ ಅಂಥದ್ದೇನೂ ಇಲ್ಲ. ವಿದ್ಯುತ್ ಫಲಕ ಬಿಸಿಲಿನ ಐದರಲ್ಲೊಂದು ಭಾಗವನ್ನಷ್ಟೇ ಕರೆಂಟಾಗಿಸುತ್ತದೆ; ಅದರಿಂದ ಗೀಸರ್ ನಡೆಸುವುದಕ್ಕಿಂತ ನೇರವಾಗಿ ನೀರು ಕಾಯಿಸುವ ಫಲಕ ಅರ್ಧಕ್ಕೂ ಕಡಿಮೆ ಜಾಗದಲ್ಲಿ ಅದೇ ಕೆಲಸ ಮಾಡುತ್ತದೆ. ತಾರಸಿಯೇ ಸಿಗದ ಅಪಾರ್ಟ್‌ಮೆಂಟುಗಳಿಗೆ ಹೀಟ್ ಪಂಪ್ ಒಳ್ಳೆಯ ದಾರಿ. ಅದು ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ಒಂದು ಯುನಿಟ್ ಕರೆಂಟಿಗೆ ಸುಮಾರು ಮೂರು ಯುನಿಟ್ಟಿನ ಬಿಸಿ. ಬೆಂಗಳೂರಿನ ಹದವಾದ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಬೆಲೆ ಇನ್ನೂ ಕೈಗೆಟುಕುವಂತಿಲ್ಲ ಎಂಬುದೊಂದೇ ತೊಡಕು.

ಸ್ವಂತ ತಾರಸಿ ಇರುವವರಿಗೆ ಮಾತ್ರ ಬಿಸಿಲಿನ ನೀರನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಹೊಸದನ್ನು ಕಡ್ಡಾಯ ಮಾಡಿದ ಸರ್ಕಾರ, ಇರುವುದನ್ನು ನಡೆಸಿಕೊಂಡು ಹೋಗುವ ಬಗ್ಗೆ ಇನ್ನಾದರೂ ಯೋಚಿಸಬೇಕು. ಫಲಕ ತೊಳೆಯಲು ತರಬೇತಾದ ಪ್ಲಂಬರುಗಳು ವಾರ್ಡಿಗೊಬ್ಬರಾದರೂ ಸಿಗುವಂತಾದರೆ ಹೊಸ ಸಹಾಯಧನಕ್ಕಿಂತ ಹೆಚ್ಚು ಕರೆಂಟು ಉಳಿಯುತ್ತದೆ ಎಂಬುದು ನನ್ನ ನಂಬಿಕೆ. ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ನಾವು ಮಾಡೋಣ. ಮಳೆ ನಿಂತ ಮೇಲೆ ಒಮ್ಮೆ ತಾರಸಿ ಹತ್ತಿ ಗಾಜಿನ ದೂಳು ಒರೆಸಿ, ಬಿಸಿನೀರಿನ ಪೈಪಿನ ಹೊದಿಕೆ ಹರಿದಿದ್ದರೆ ಹೊಸದು ಸುತ್ತಿಸಿ, ಬಿಸಿಲಿದ್ದೂ ನೀರು ಕಾಯದಿದ್ದರೆ ಪ್ಲಂಬರನ್ನು ಕರೆಸಿ ಫಲಕ ತೊಳೆಸಿ. ಹೊಸ ಗೀಸರ್ ಕೊಳ್ಳುವ ಮಾತು ಆಮೇಲೆ.